ಸೊಂಟನೋವಿಗೆ ಬಸ್ತಿ ಚಿಕಿತ್ಸೆ: ಮಧುಮೇಹ, ಮೂಲವ್ಯಾಧಿ ಇರುವವರಿಗೆ ಕೊಡಬಹುದೇ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ನಾವು ಬ್ರಹ್ಮಾವರದ ಹತ್ತಿರ ಇದ್ದೇವೆ. ಕೆಲವು ತಿಂಗಳುಗಳಿಂದ ಅವರ ಸೊಂಟದ ನೋವು ಎಡಗಾಲಿನ ಹಿಂಬದಿಯಲ್ಲಿ ಪಾದದವರೆಗೆ ಇಳಿಯುತ್ತಿದೆ. ಎಂಆರ್‌ಐ ಮಾಡಿಸಿದಾಗ ಸೊಂಟದ ಕೆಳಭಾಗದ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿದೆ ಎಂದರು. ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ ಎಂದಿದ್ದಾರೆ. ಉಡುಪಿಯ ಆಯುರ್ವೇದ ವೈದ್ಯರೊಬ್ಬರು ಎಂಟು ದಿನಗಳ ಯೋಗಬಸ್ತಿ ಸೂಚಿಸಿದ್ದಾರೆ. ತಾಯಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಮೆಟ್‌ಫಾರ್ಮಿನ್ ಮತ್ತು ಗ್ಲೈಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಲಬದ್ಧತೆ ಇದೆ, ಮೂಲವ್ಯಾಧಿಯಿಂದ ಆಗಾಗ ಸ್ವಲ್ಪ ರಕ್ತ ಹೋಗುತ್ತದೆ. ಬಸ್ತಿ ಎಂದರೆ ಎನಿಮಾ ತಾನೇ, ಮೆಡಿಕಲ್ ಅಂಗಡಿಯಿಂದ ತಂದು ಮನೆಯಲ್ಲೇ ಕೊಟ್ಟರಾಯಿತು ಎನ್ನುತ್ತಾನೆ ಬೆಂಗಳೂರಿನಲ್ಲಿರುವ ನನ್ನ ತಮ್ಮ. ಮಳೆಗಾಲದ ಆಟಿ ತಿಂಗಳಲ್ಲಿ ಮಾಡಿಸಿದರೆ ಮಾತ್ರ ಗುಣ ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ತಮ್ಮನವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನವರ ತಿಳಿವಳಿಕೆ ಅದೇ ಆಗಿದೆ. ಔಷಧದ ಅಂಗಡಿಯಲ್ಲಿ ಸಿಗುವ ಎನಿಮಾ ಪೊಟ್ಟಣದ ಉದ್ದೇಶ ಕರುಳನ್ನು ಬೇಗನೆ ಬರಿದುಮಾಡುವುದು. ಅದರಲ್ಲಿ ಸಾಮಾನ್ಯವಾಗಿ ಸೋಡಿಯಂ ಫಾಸ್ಫೇಟ್ ಲವಣಗಳಿರುತ್ತವೆ. ಅವು ನೀರನ್ನು ಕರುಳಿನೊಳಕ್ಕೆ ಎಳೆದು ಕೆಲವೇ ನಿಮಿಷಗಳಲ್ಲಿ ಮಲವನ್ನು ಹೊರಹಾಕಿಸುತ್ತವೆ. ವಯಸ್ಸಾದವರಲ್ಲಿ, ಅದರಲ್ಲೂ ಮೂತ್ರಪಿಂಡಗಳ ಶಕ್ತಿ ಕುಂದಿದವರಲ್ಲಿ, ಈ ಫಾಸ್ಫೇಟ್ ರಕ್ತಕ್ಕೆ ಸೇರಿ ಲವಣಗಳ ಸಮತೋಲನವನ್ನು ಅಪಾಯಕರವಾಗಿ ಕೆಡಿಸಿದ ಪ್ರಸಂಗಗಳು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿವೆ. ಹತ್ತು ವರ್ಷಗಳಿಂದ ಮಧುಮೇಹವಿರುವ ನಿಮ್ಮ ತಾಯಿಯವರಿಗೆ ಅದನ್ನು ವೈದ್ಯರನ್ನು ಕೇಳದೆ ಕೊಡುವುದು ಸರಿಯಲ್ಲ. ಅದರಿಂದ ಸೊಂಟನೋವಿಗೆ ಯಾವ ಪ್ರಯೋಜನವೂ ಇಲ್ಲ.

ಆಯುರ್ವೇದದ ಬಸ್ತಿ ಎಂದರೆ ಗುದದ ಮೂಲಕ ಔಷಧ ಕೊಡುವ ಚಿಕಿತ್ಸೆ. ಅದರಲ್ಲಿ ಎರಡು ಬಗೆ ಮುಖ್ಯ. ಕಷಾಯ ಪ್ರಧಾನವಾದದ್ದು ನಿರೂಹಬಸ್ತಿ. ಇದಕ್ಕೆ ಆಸ್ಥಾಪನ ಎಂಬ ಹೆಸರೂ ಇದೆ. ಎಣ್ಣೆ ಅಥವಾ ತುಪ್ಪವನ್ನಷ್ಟೇ ಕೊಡುವುದು ಅನುವಾಸನಬಸ್ತಿ. ನಿರೂಹವನ್ನು ಖಾಲಿ ಹೊಟ್ಟೆಯಲ್ಲಿ ಕೊಡುತ್ತಾರೆ. ಅದು ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಒಳಗೆ ಹೊರಬರಬೇಕು. ಅನುವಾಸನವನ್ನು ಲಘುವಾಗಿ ಊಟ ಮಾಡಿಸಿದ ಮೇಲೆಯೇ ಕೊಡುವುದು. ಅದು ಒಳಗೆ ಹಲವು ಗಂಟೆ ಉಳಿಯಬೇಕೆಂಬುದೇ ವೈದ್ಯರ ಅಪೇಕ್ಷೆ. ಶಾಸ್ತ್ರ ಹೇಳುವ ಅವಧಿ ಮೂರು ಯಾಮ, ಅಂದರೆ ಸುಮಾರು ಒಂಬತ್ತು ಗಂಟೆ. ರಾತ್ರಿಯಿಡೀ ಎಣ್ಣೆ ಹೊರಬರದಿದ್ದರೂ, ಹೊಟ್ಟೆ ಉಬ್ಬರ ಅಥವಾ ನೋವು ಇಲ್ಲದಿದ್ದರೆ ಗಾಬರಿಪಡಬೇಕಾಗಿಲ್ಲ. ಆದರೆ ನಿರೂಹ ಒಂದು ಗಂಟೆಯಾದರೂ ಹೊರಬರದಿದ್ದರೆ ಅದನ್ನು ಹೊರತರಲು ವೈದ್ಯರು ಕೂಡಲೇ ಕ್ರಮ ಕೈಗೊಳ್ಳಬೇಕಾಗುತ್ತದೆ. ಈ ಒಂದು ಕಾರಣಕ್ಕಾಗಿಯೇ ನಿರೂಹವನ್ನು ಮನೆಯಲ್ಲಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಯೋಗಬಸ್ತಿಯ ಎಂಟು ದಿನಗಳಲ್ಲಿ ಮೊದಲ ದಿನ ಅನುವಾಸನ, ಎರಡನೆಯ ದಿನ ನಿರೂಹ, ಹೀಗೆ ಒಂದಾದ ಮೇಲೊಂದರಂತೆ ಏಳನೆಯ ದಿನದವರೆಗೆ ಸಾಗಿ, ಎಂಟನೆಯ ದಿನ ಮತ್ತೆ ಅನುವಾಸನದಲ್ಲಿ ಮುಗಿಯುತ್ತದೆ. ಅಂದರೆ ಐದು ಎಣ್ಣೆಯವು, ಮೂರು ಕಷಾಯದವು. ಬರೀ ನಿರೂಹವನ್ನೇ ದಿನವೂ ಕೊಟ್ಟರೆ ಕರುಳು ಒಣಗಿ ವಾತ ಇನ್ನಷ್ಟು ಕೆರಳುತ್ತದೆ, ಬರೀ ಎಣ್ಣೆಯನ್ನೇ ಕೊಡುತ್ತಾ ಹೋದರೆ ಜೀರ್ಣಶಕ್ತಿ ಮಂದವಾಗುತ್ತದೆ ಎಂಬ ಎಚ್ಚರಿಕೆ ಈ ಜೋಡಣೆಯ ಹಿಂದಿದೆ. ರೋಗ ಹಳೆಯದಾಗಿದ್ದರೆ 16 ಬಸ್ತಿಗಳ ಕಾಲಬಸ್ತಿ, 30 ಬಸ್ತಿಗಳ ಕರ್ಮಬಸ್ತಿ ಎಂಬ ದೀರ್ಘ ಕ್ರಮಗಳೂ ಉಂಟು. ನಿಮ್ಮ ತಾಯಿಯವರಿಗೆ ಸೂಚಿಸಿರುವುದು ಇವುಗಳಲ್ಲಿ ಅತಿ ಚಿಕ್ಕದು.

ಸೊಂಟದ ನರದ ನೋವಿಗೆ ಗುದದ ಮೂಲಕ ಔಷಧ ಏಕೆ ಎಂಬ ಸಂದೇಹ ನಿಮ್ಮ ಪತ್ರದಲ್ಲಿ ಬರೆದಿಲ್ಲವಾದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಗೃಧ್ರಸಿ ಎಂದು ಆಯುರ್ವೇದ ಕರೆಯುವ ಈ ನೋವು ವಾತದ ರೋಗ. ವಾತದ ಮುಖ್ಯ ನೆಲೆ ಪಕ್ವಾಶಯ, ಅಂದರೆ ದೊಡ್ಡ ಕರುಳಿನ ಭಾಗ. ಬುಡಕ್ಕೆ ನೀರೆರೆದ ಮರ ತುದಿಯವರೆಗೂ ಚಿಗುರುವಂತೆ, ಅಲ್ಲಿ ಕೊಟ್ಟ ಔಷಧ ಇಡೀ ದೇಹವನ್ನು ಮುಟ್ಟುತ್ತದೆ ಎಂದು ಚರಕಸಂಹಿತೆಯ ಸಿದ್ಧಿಸ್ಥಾನ ಎಂಬ ಭಾಗ ಹೇಳುತ್ತದೆ. ಬಸ್ತಿಯನ್ನು ಚಿಕಿತ್ಸೆಯ ಅರ್ಧಭಾಗವೆಂದು, ಕೆಲವರ ಮತದಲ್ಲಿ ಪೂರ್ಣ ಚಿಕಿತ್ಸೆಯೆಂದೇ ಹೊಗಳಿರುವುದೂ ಅಲ್ಲಿಯೇ. ಗುದನಾಳದ ಕೆಳಭಾಗದ ರಕ್ತನಾಳಗಳು ಯಕೃತ್ತನ್ನು ಹಾದುಹೋಗದೆ ನೇರವಾಗಿ ದೇಹದ ರಕ್ತಪರಿಚಲನೆಯನ್ನು ಸೇರುತ್ತವೆ ಎಂಬುದನ್ನು ಆಧುನಿಕ ವೈದ್ಯವೂ ಬಲ್ಲದು. ಮಕ್ಕಳ ಅಪಸ್ಮಾರಕ್ಕೆ, ಜ್ವರಕ್ಕೆ ಆ ದಾರಿಯಿಂದ ಔಷಧ ಕೊಡುವ ಪದ್ಧತಿಯೂ ಇದೆ. ಆದರೆ ಇಷ್ಟರಿಂದಲೇ ಬಸ್ತಿಯ ಪರಿಣಾಮ ಸಾಬೀತಾಯಿತು ಎನ್ನಲಾಗದು. ಗೃಧ್ರಸಿಯಲ್ಲಿ ಬಸ್ತಿಯ ಬಗ್ಗೆ ನಡೆದಿರುವ ಅಧ್ಯಯನಗಳು ಬಹುಪಾಲು ಚಿಕ್ಕವು. ನೋವು ಇಳಿದದ್ದನ್ನು, ಕಾಲು ಎತ್ತುವ ಮಿತಿ ಹೆಚ್ಚಿದ್ದನ್ನು ಅವು ದಾಖಲಿಸುತ್ತವೆ. ಡಿಸ್ಕ್‌ನಿಂದ ಬರುವ ಇಂತಹ ನೋವು ಹಲವರಲ್ಲಿ ಕೆಲವು ವಾರಗಳಿಂದ ತಿಂಗಳುಗಳ ಒಳಗೆ ತಾನಾಗಿಯೇ ಇಳಿಯುವುದೂ ಉಂಟು. ಆದ್ದರಿಂದ ಬಸ್ತಿಯ ನಂತರ ಕಂಡ ಸುಧಾರಣೆಯೆಲ್ಲವೂ ಬಸ್ತಿಯದೇ ಎಂದು ನಾನು ಹೇಳುವುದಿಲ್ಲ. ನೋವು, ಸೆಳೆತ, ಮಲಬದ್ಧತೆ ಮೂರೂ ಜೊತೆಯಾಗಿರುವವರಲ್ಲಿ ಇದು ಹೆಚ್ಚು ಉಪಕಾರಿಯೆಂಬುದು ನನ್ನ ಅನುಭವ. ಹೊರಚಾಚಿದ ಡಿಸ್ಕ್ ಬಸ್ತಿಯಿಂದ ಒಳಕ್ಕೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಮಧುಮೇಹದ ವಿಚಾರ. ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಮುಖ್ಯವಾದ ಭಾಗ ಇದೇ ಎಂದು ನನಗೆ ಕಾಣುತ್ತದೆ. ಯಾರಿಗೆ ನಿರೂಹ ಕೊಡಬಾರದು ಎಂದು ಚರಕಸಂಹಿತೆಯು ಕೊಡುವ ಪಟ್ಟಿಯಲ್ಲಿ ಅಜೀರ್ಣ, ಅತಿಯಾದ ದೌರ್ಬಲ್ಯ, ಉಬ್ಬಸ, ಕೆಮ್ಮು, ನಿಲ್ಲದ ವಾಂತಿ ಮುಂತಾದವುಗಳ ಜೊತೆಗೆ ಮಧುಮೇಹವೂ ಇದೆ. ಅನುವಾಸನ ಕೊಡಬಾರದವರ ಪಟ್ಟಿಯಲ್ಲಿ ಪ್ರಮೇಹ (ಮಧುಮೇಹವೂ ಸೇರಿದ ರೋಗಗಳ ಗುಂಪು) ಮತ್ತು ಅರ್ಶಸ್ಸು, ಅಂದರೆ ಮೂಲವ್ಯಾಧಿ, ಎರಡೂ ಇವೆ. ಗ್ರಂಥವನ್ನು ಅಕ್ಷರಶಃ ಹಿಡಿದರೆ ನಿಮ್ಮ ತಾಯಿಯವರಿಗೆ ಎರಡು ಬಗೆಯ ಬಸ್ತಿಗಳೂ ನಿಷಿದ್ಧವಾಗುತ್ತವೆ! ಹಾಗಿದ್ದೂ ಇಂದಿನ ವೈದ್ಯರು ಕೊಡುತ್ತಾರೆ, ನಾನೂ ಕೊಟ್ಟಿದ್ದೇನೆ. ಏಕೆಂದರೆ ಮಾತ್ರೆಗಳೇ ಇಲ್ಲದ ಕಾಲದಲ್ಲಿ ಕೃಶವಾಗುತ್ತಾ ಹೋಗುತ್ತಿದ್ದ ಮಧುಮೇಹಿಯ ಸ್ಥಿತಿಗೂ, ಸಕ್ಕರೆ ಹತೋಟಿಯಲ್ಲಿದ್ದು ಮನೆಗೆಲಸ ಮಾಡಿಕೊಂಡಿರುವವರ ಸ್ಥಿತಿಗೂ ಬಹಳ ಅಂತರವಿದೆ. ಆದರೆ ಈ ಸಡಿಲಿಕೆ ಹತೋಟಿಯಲ್ಲಿರುವವರಿಗೆ ಮಾತ್ರ. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ, ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಈ ಮೂರು ಪರೀಕ್ಷೆಗಳ ಫಲಿತಾಂಶ ನೋಡದೆ ಯಾವ ವೈದ್ಯರೂ ಆರಂಭಿಸಬಾರದು. ಬಸ್ತಿ ಹೇಳಿದ ವೈದ್ಯರು ಸಕ್ಕರೆಯ ವಿಷಯ ಕೇಳಿಯೇ ಇಲ್ಲವೆಂದಾದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ನಿರೂಹದ ದಿನಗಳಲ್ಲಿ ಒಂದು ಪ್ರತ್ಯೇಕ ಅಪಾಯವಿದೆ. ಅಂದು ತಾಯಿಯವರು ಬೆಳಿಗ್ಗೆ ಏನನ್ನೂ ತಿನ್ನುವಂತಿಲ್ಲ. ಅಭ್ಯಾಸಬಲದಿಂದ ಗ್ಲೈಮೆಪಿರೈಡ್ ಮಾತ್ರೆಯನ್ನು ನುಂಗಿ ಖಾಲಿ ಹೊಟ್ಟೆಯಲ್ಲಿ ಬಂದರೆ, ಎಣ್ಣೆ ಹಚ್ಚಿ ಹಬೆ ಕೊಟ್ಟು ಬಸ್ತಿ ಮುಗಿಸುವಷ್ಟರಲ್ಲಿ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಕಣ್ಣು ಮಂಜಾಗುವುದು ಶುರುವಾಗಬಹುದು. ಇದನ್ನು ಚಿಕಿತ್ಸೆಯ ಆಯಾಸವೆಂದು ತಪ್ಪು ತಿಳಿದು ಮಲಗಿಸಿಬಿಡುವ ಸಂಭವವೂ ಇದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ವಿರಳ. ಗ್ಲೈಮೆಪಿರೈಡ್ ಮತ್ತು ಇನ್ಸುಲಿನ್ ವಿಷಯದಲ್ಲಿ ಎಚ್ಚರ ಬೇಕು. ಆ ದಿನಗಳಲ್ಲಿ ಯಾವ ಮಾತ್ರೆ ಯಾವಾಗ ಎಂಬುದನ್ನು ಸಕ್ಕರೆಗೆ ಔಷಧ ಕೊಡುತ್ತಿರುವ ವೈದ್ಯರಿಂದಲೇ ಬರೆಸಿಕೊಳ್ಳಿ, ನೀವಾಗಿ ನಿಲ್ಲಿಸಬೇಡಿ. ಗ್ಲುಕೋಮೀಟರ್ ಜೊತೆಯಲ್ಲಿರಲಿ. ನಿರೂಹದಲ್ಲಿ ಜೇನು ಸೇರುತ್ತದೆಯಲ್ಲಾ ಎಂದು ಹಲವರು ಹೆದರುತ್ತಾರೆ. ದೊಡ್ಡ ಕರುಳು ಸಕ್ಕರೆಯನ್ನು ಹೀರುವುದು ತೀರಾ ಕಡಿಮೆ, ಅದಕ್ಕಿಂತ ಖಾಲಿ ಹೊಟ್ಟೆಯೇ ದೊಡ್ಡ ಚಿಂತೆ. ಜೊತೆಗೆ, ಹತ್ತು ವರ್ಷಗಳ ಮಧುಮೇಹದಲ್ಲಿ ಪಾದಗಳ ಸ್ಪರ್ಶಜ್ಞಾನ ಕುಂದಿರಬಹುದು. ಬಸ್ತಿಗೆ ಮೊದಲು ಕೊಡುವ ಶಾಖದ ಬಿಸಿ ಅವರಿಗೆ ಗೊತ್ತಾಗದೆ ಚರ್ಮ ಸುಟ್ಟರೆ ಆ ಗಾಯ ಮಾಯಲು ತಿಂಗಳುಗಳೇ ಬೇಕು. ಕಾಲಿನ ನೋವಿಗೆಂದು ಪಾದಕ್ಕೆ ಬಿಸಿ ಕಿಳಿ (ಔಷಧದ ಬಟ್ಟೆಗಂಟು) ಇಡುವಾಗ ನೀವು ಹತ್ತಿರವಿದ್ದು ಬಿಸಿಯನ್ನು ಕೈಯಿಂದ ಮುಟ್ಟಿ ನೋಡಿ.

ರಕ್ತ ಹೋಗುವುದನ್ನು ಮೂಲವ್ಯಾಧಿ ಎಂದು ಯಾರು ನಿರ್ಧರಿಸಿದರು ಎಂಬುದನ್ನು ನೀವು ಬರೆದಿಲ್ಲ. ಅರುವತ್ತು ದಾಟಿದವರಲ್ಲಿ ಮಲದೊಂದಿಗೆ ರಕ್ತ ಕಂಡರೆ, ಜೊತೆಗೆ ಮಲಬದ್ಧತೆ ಇತ್ತೀಚೆಗೆ ಬಂದದ್ದಾದರೆ ಅಥವಾ ತೂಕ ಇಳಿಯುತ್ತಿದ್ದರೆ, ಗುದಪರೀಕ್ಷೆ ಮಾಡಿಸಲೇಬೇಕು. ವೈದ್ಯರು ಹೇಳಿದರೆ ಕೊಲೊನೋಸ್ಕೋಪಿಯನ್ನೂ ಮಾಡಿಸಬೇಕು. ನಮ್ಮ ಕಡೆಯ ಹೆಂಗಸರು ನಾಚಿಕೆಯಿಂದ ಇದನ್ನು ವರ್ಷಗಟ್ಟಲೆ ಮುಂದೂಡುತ್ತಾರೆ, ಹೀಟ್ ಆಗಿ ರಕ್ತ ಹೋಗಿದ್ದು ಎಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಗೆಡ್ಡೆಯೋ ಹುಣ್ಣೋ ಇರುವ ಕರುಳಿಗೆ ನಳಿಕೆ ಹಾಕುವುದು ಅಪಾಯ. ಮೂಲವ್ಯಾಧಿಯೇ ಎಂದು ಖಚಿತವಾದರೂ, ರಕ್ತ ಹೋಗುತ್ತಿರುವಾಗ ಅಥವಾ ಮೊಳಕೆಗಳು ಊದಿಕೊಂಡು ನೋಯುತ್ತಿರುವಾಗ ಬಸ್ತಿ ಬೇಡ. ಮೊದಲು ಅದನ್ನು ಶಮನ ಮಾಡಿಕೊಂಡು ಕೆಲವು ವಾರಗಳ ನಂತರ ಯೋಚಿಸಬಹುದು. ಸೊಂಟನೋವು ಅಷ್ಟು ಕಾಯಲು ಬಿಡುತ್ತಿಲ್ಲವೆಂದರೆ ಹೊರಗಿನ ಎಣ್ಣೆ, ಶಾಖ, ಕಟಿಬಸ್ತಿಗಳಿವೆ. ಕಟಿಬಸ್ತಿಯಲ್ಲಿ ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಅದರೊಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತಾರೆ. ಹೆಸರಿನಲ್ಲಿ ಬಸ್ತಿ ಇದ್ದರೂ ಗುದಮಾರ್ಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಲ್ಲಿ ಮಾಡಿಸಬೇಕು ಎಂಬುದಕ್ಕೆ ಉಡುಪಿಯವರಿಗೆ ಕೊರತೆಯಿಲ್ಲ. 1958ರಲ್ಲಿ ಆರಂಭವಾದ ಕುತ್ಪಾಡಿಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿಗೆ ಆಸ್ಪತ್ರೆಯೂ ಇದೆ. ಬೇರೆ ಕಡೆ ಹೋಗುವುದಾದರೆ, ಬಸ್ತಿದ್ರವ್ಯವನ್ನು ಹೇಗೆ ತಯಾರಿಸುತ್ತಾರೆ ಎಂದು ತೋರಿಸಲು ವಿನಂತಿಸಿಕೊಳ್ಳಿ. ಆ ಹತ್ತು ನಿಮಿಷಗಳ ಕೆಲಸವನ್ನು ನೋಡಿದರೆ ಆ ಜಾಗದ ಶ್ರದ್ಧೆ ತಿಳಿಯುತ್ತದೆ. ಕಲ್ಲಿನ ಖಲ್ವದಲ್ಲಿ ಮೊದಲು ಜೇನು ಹಾಕಿ, ಅದಕ್ಕೆ ನುಣ್ಣಗೆ ಪುಡಿ ಮಾಡಿದ ಸೈಂಧವ ಲವಣವನ್ನು ಸೇರಿಸಿ ಹರಳು ಕೈಗೆ ಸಿಗದಂತೆ ಅರೆಯಬೇಕು. ಆಮೇಲೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತಾ ಅರೆಯುತ್ತಾ ಹೋದರೆ ಮಿಶ್ರಣ ಮಸುಕಾಗಿ ದಪ್ಪಗಾಗುತ್ತದೆ. ನಂತರ ಸಬ್ಬಸಿಗೆ ಬೀಜ ಮುಂತಾದವುಗಳ ನುಣುಪಾದ ಕಲ್ಕ, ಅಂದರೆ ಅರೆದ ಮುದ್ದೆ, ಕೊನೆಗೆ ಶೋಧಿಸಿದ ಕಷಾಯ. ನಿಮ್ಮ ತಾಯಿಯವರ ತೊಂದರೆಗೆ ಹರಳುಗಿಡದ ಬೇರು, ದಶಮೂಲ, ರಾಸ್ನಾ ಮೊದಲಾದವುಗಳ ಕಷಾಯವನ್ನೂ, ಗೋರಟೆಯಿಂದ ಮಾಡುವ ಸಹಚರಾದಿ ತೈಲವನ್ನೋ ಧನ್ವಂತರ ತೈಲವನ್ನೋ ಆರಿಸುವುದು ವಾಡಿಕೆ. ಈ ಕ್ರಮ ತಪ್ಪಿ ಎಲ್ಲವನ್ನೂ ಒಂದೇ ಸಲ ಪಾತ್ರೆಗೆ ಸುರಿದು ಕದಡಿದರೆ ಎಣ್ಣೆ ಮೇಲೆ ತೇಲಿ, ಉಪ್ಪು ತಳ ಸೇರುತ್ತದೆ. ಅಂತಹ ಬಸ್ತಿ ಒಳಹೋದೊಡನೆ ಉರಿ, ಹೊಟ್ಟೆಮುರಿತ ಉಂಟುಮಾಡಿ ಹೊರಬರುತ್ತದೆ. ಸಿದ್ಧವಾದ ದ್ರವ್ಯವನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಮೈಬಿಸಿಯಷ್ಟು ಬೆಚ್ಚಗೆ ಮಾಡುತ್ತಾರೆ.

ಪ್ರಮಾಣದ ಬಗ್ಗೆ ಎರಡು ಮಾತು. ಗ್ರಂಥದಲ್ಲಿ ಪ್ರಾಪ್ತವಯಸ್ಕರಿಗೆ ನಿರೂಹದ ಪೂರ್ಣ ಪ್ರಮಾಣ 12 ಪ್ರಸೃತ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 1,150 ಮಿಲಿಲೀಟರ್. ಈಗ ಅಷ್ಟು ಕೊಡುವವರು ಕಡಿಮೆ. 400ರಿಂದ 500 ಮಿಲಿಲೀಟರ್ ಸಾಮಾನ್ಯ, ದುರ್ಬಲರಿಗೆ ಅದಕ್ಕಿಂತಲೂ ಕಡಿಮೆ. ಸೈಂಧವದ ಪ್ರಮಾಣವೂ ಅದಕ್ಕೆ ತಕ್ಕಂತೆ ಇಳಿಯಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಲ್ಲಿ ಇದು ಇನ್ನೂ ಮುಖ್ಯ.

ಕೊಡುವಾಗ ಎಡಮಗ್ಗುಲಾಗಿ ಮಲಗಿಸಿ, ಎಡಗಾಲನ್ನು ಚಾಚಿಸಿ, ಬಲಗಾಲನ್ನು ಮಂಡಿಯಲ್ಲಿ ಮಡಿಸಿಸುತ್ತಾರೆ. ದೊಡ್ಡ ಕರುಳಿನ ಕೊನೆಯ ಭಾಗ ಎಡಕ್ಕೇ ಇರುವುದರಿಂದ ದ್ರವ ಸರಾಗವಾಗಿ ಇಳಿಯುತ್ತದೆ. ಹಿಂದೆ ಲೋಹದ ನಳಿಕೆಗೆ ಹದಮಾಡಿದ ಪ್ರಾಣಿಯ ಮೂತ್ರಕೋಶವನ್ನು ಕಟ್ಟುತ್ತಿದ್ದರು. ಆರು ವರ್ಷದ ಮಗುವಿಗೆ ಆರು ಅಂಗುಲ, ಇಪ್ಪತ್ತರ ತರುಣನಿಗೆ ಹನ್ನೆರಡು ಅಂಗುಲ ಎಂದು ನಳಿಕೆಯ ಉದ್ದವನ್ನೂ, ಹೆಸರುಕಾಳು ಹೋಗುವಷ್ಟು, ಬೋರೆಬೀಜ ಹೋಗುವಷ್ಟು ಎಂದು ಅದರ ರಂಧ್ರವನ್ನೂ ಗ್ರಂಥ ಗೊತ್ತುಮಾಡಿತ್ತು. ಈಗ ಪ್ಲಾಸ್ಟಿಕ್ ಚೀಲ, ಮೃದುವಾದ ರಬ್ಬರ್ ಕ್ಯಾಥೆಟರ್ ಬಂದಿವೆ. ತಾಯಿಯವರ ವಯಸ್ಸಿಗೆ ಮೃದುವಾದದ್ದೇ ಆಗಬೇಕು, ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಬಾರದು. ಗಾಳಿ ಒಳಹೋಗದಂತೆ ಚೀಲದಲ್ಲಿ ಸ್ವಲ್ಪ ದ್ರವವನ್ನು ಉಳಿಸಿಯೇ ನಳಿಕೆಯನ್ನು ತೆಗೆಯುವುದು ಕ್ರಮ. ಕೊನೆಯ ಹನಿಯವರೆಗೂ ಹಿಂಡುವವರನ್ನು ಕಂಡರೆ ತರಬೇತಿ ಸಾಲದೆಂದು ತಿಳಿಯಿರಿ. ನಳಿಕೆ ಹೋಗದೆ ತಡೆದಾಗ ಬಲವಂತ ಮಾಡಿದರೆ ಗುದನಾಳಕ್ಕೆ ಗಾಯವಾಗುವ ಸಂಭವವಿರುವುದರಿಂದ, ನೋವಾದರೆ ತಡೆದುಕೊಳ್ಳದೆ ಕೂಡಲೇ ಹೇಳಬೇಕೆಂದು ತಾಯಿಯವರಿಗೆ ಮೊದಲೇ ತಿಳಿಸಿಡಿ. ಚಿಕಿತ್ಸೆ ನಡೆಸುವವರು ಮಹಿಳೆಯೇ ಆಗಿರಬೇಕೆಂದು ಕೇಳುವ ಹಕ್ಕು ನಿಮಗಿದೆ.

ಮನೆಯಲ್ಲಿ ಕೊಡಬಹುದಾದದ್ದು ಒಂದಿದೆ: ಮಾತ್ರಾಬಸ್ತಿ. ಇದು ಅನುವಾಸನದ ಕಿರಿಯ ರೂಪ, 60ರಿಂದ 72 ಮಿಲಿಲೀಟರ್ ಎಣ್ಣೆ ಅಷ್ಟೇ. ಆಹಾರ ವಿಹಾರಗಳ ಕಟ್ಟುಪಾಡು ಇದಕ್ಕೆ ಅಷ್ಟಾಗಿ ಇಲ್ಲ. ದುಡಿದು ದಣಿದವರಿಗೆ, ದಾರಿ ನಡೆದು ಬಳಲಿದವರಿಗೆ, ಎಲ್ಲ ಕಾಲದಲ್ಲೂ ಸಲ್ಲುತ್ತದೆ ಎಂದು ಚರಕಸಂಹಿತೆಯೇ ಹೇಳುತ್ತದೆ. ಎಂಟು ದಿನಗಳ ಚಿಕಿತ್ಸೆ ಮುಗಿದ ಮೇಲೆ ವೈದ್ಯರು ಸೂಚಿಸಿದರೆ, ಅವರ ಮುಂದೆಯೇ ಕಲಿತುಕೊಂಡು, ಅವರು ಹೇಳಿದಷ್ಟು ದಿನ ನೀವೇ ಕೊಡಬಹುದು. ಅದಕ್ಕೂ ಮೂಲವ್ಯಾಧಿ ಶಾಂತವಾಗಿರಬೇಕು.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇಸಗೆಯಲ್ಲಿ ಸಂಚಯವಾದ ವಾತವನ್ನು ಶ್ರಾವಣದಲ್ಲಿ ಹೊರಹಾಕಬೇಕೆಂದು ಅಷ್ಟಾಂಗಹೃದಯ ಎಂಬ ಆಯುರ್ವೇದ ಗ್ರಂಥ ಹೇಳುತ್ತದೆ. ತುಳುನಾಡಿನ ಆಟಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ, ಅದಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ. ಆಟಿ ಅಮಾವಾಸ್ಯೆಯಂದು ಹಾಲೆಮರದ ಕೆತ್ತೆಯ ಕಷಾಯ ಕುಡಿಯುವ ನಮ್ಮ ಜನ ಮಳೆಗಾಲವನ್ನು ಔಷಧದ ಕಾಲವೆಂದು ಭಾವಿಸಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಋತುವಿನ ಈ ನಿಯಮ ಆರೋಗ್ಯವಂತರ ಶೋಧನೆಗೆ. ರೋಗವಿರುವವರಿಗೆ ರೋಗವೇ ಕಾಲವನ್ನು ನಿರ್ಧರಿಸುತ್ತದೆ. ಮಳೆಗಾಲದಲ್ಲಿ ಜೀರ್ಣಶಕ್ತಿ ಕುಂದಿರುವುದನ್ನೂ, ಜಡಿಮಳೆಯಲ್ಲಿ ಬ್ರಹ್ಮಾವರದಿಂದ ಉಡುಪಿಗೆ ದಿನವೂ ನೆನೆಯುತ್ತಾ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುವುದರಿಂದ ಸೊಂಟಕ್ಕೆ ಆಗುವ ಹಾನಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾಧ್ಯವಿದ್ದರೆ ಆ ಎಂಟು ದಿನ ಆಸ್ಪತ್ರೆಯಲ್ಲೇ ಉಳಿಯುವುದು ಲೇಸು. ಪ್ಯಾಕೇಜ್ ಮಾಡಿ ಮಳೆಗಾಲದ ರಿಯಾಯಿತಿ ಕೊಡುವ ಕಡೆಗಳಲ್ಲಿ ನಾಡಿ ನೋಡುವ ವೈದ್ಯರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ.

ಊಟ ನಮ್ಮ ಮನೆಯಲ್ಲಿ ಇರುವುದೇ ಸಾಕು. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಗಂಜಿ, ಎಣ್ಣೆ ಮಸಾಲೆ ಹೆಚ್ಚಿಲ್ಲದ ತೊವ್ವೆ, ಬೆಂದ ಸೋರೆಕಾಯಿ ಅಥವಾ ಪಡುವಲಕಾಯಿ ಪಲ್ಯ. ಗಂಜಿ ಮಿತಿಮೀರಿದರೆ ಸಕ್ಕರೆ ಏರುವುದರಿಂದ ಅಕ್ಕಿ ಕಡಿಮೆ ಮಾಡಿ ಹೆಸರುಕಾಳು ಹೆಚ್ಚು ಹಾಕಿ. ಬಂಗುಡೆ ಪುಳಿಮುಂಚಿ, ಕೋರಿರೊಟ್ಟಿ, ಹಲಸಿನ ಬೀಜ, ಉಪ್ಪಿನಕಾಯಿ, ಮೊಸರು ಆ ದಿನಗಳಲ್ಲಿ ಬೇಡ. ಪರಿಹಾರಕಾಲ, ಅಂದರೆ ಪಥ್ಯ ಹಿಡಿಯಬೇಕಾದ ಅವಧಿ, ಚಿಕಿತ್ಸೆಯ ದಿನಗಳ ಎರಡರಷ್ಟು. ಎಂಟು ದಿನಗಳ ಬಸ್ತಿಗೆ ಹದಿನಾರು ದಿನ ಬಹಳ ಹೊತ್ತು ಒಂದೇ ಕಡೆ ಕೂರುವುದು, ಹಗಲು ನಿದ್ದೆ, ದೂರ ಪ್ರಯಾಣ, ಮಲಮೂತ್ರಗಳನ್ನು ತಡೆಯುವುದು ಇವನ್ನೆಲ್ಲ ಬಿಡಬೇಕು. ಎಂಟನೆಯ ದಿನವೇ ಮನೆಗೆ ಬಂದು ಬಾವಿಯಿಂದ ಕೊಡಪಾನ ಎತ್ತಲು ಹೊರಟವರಲ್ಲಿ ನೋವು ಮರಳುವುದನ್ನು ಕಂಡಿದ್ದೇನೆ. ಈ ವಿಷಯದಲ್ಲಿ ತಾಯಂದಿರಿಗಿಂತ ಮಕ್ಕಳು ಕಟ್ಟುನಿಟ್ಟಾಗಿರಬೇಕು.

ಬಸ್ತಿಯ ನಂತರ ಸ್ವಲ್ಪ ಆಯಾಸ, ಒಂದೆರಡು ಸಲ ಹೆಚ್ಚು ಮಲವಿಸರ್ಜನೆ, ಒಳಉಡುಪಿಗೆ ಎಣ್ಣೆ ಜಿನುಗುವುದು ಸಾಮಾನ್ಯ. ತೀವ್ರ ಹೊಟ್ಟೆನೋವು, ಗಟ್ಟಿಯಾದ ಹೊಟ್ಟೆ ಉಬ್ಬರ, ರಕ್ತ, ಚಳಿಜ್ವರ, ತಲೆ ತಿರುಗಿ ಬೀಳುವಂತಾಗುವುದು ಸಾಮಾನ್ಯವಲ್ಲ. ಬಸ್ತಿಯ ದೋಷದಿಂದ ಬರುವ ಹನ್ನೆರಡು ವ್ಯಾಪತ್ತುಗಳನ್ನು, ಅಂದರೆ ತೊಂದರೆಗಳನ್ನು, ಚರಕಸಂಹಿತೆಯು ಒಂದು ಅಧ್ಯಾಯದಲ್ಲಿ ವಿವರಿಸಿದೆ. ಆದುದರಿಂದ ಆಯುರ್ವೇದಕ್ಕೆ ಅಡ್ಡಪರಿಣಾಮವೇ ಇಲ್ಲ ಎನ್ನುವವರಿಗೆ ಆಯುರ್ವೇದದ ಆಧಾರವೇ ಇಲ್ಲ.

ಕೊನೆಯದಾಗಿ, ಬಸ್ತಿಗಾಗಿ ಕಾಯುತ್ತಿರುವಾಗಲೇ ಆಗಲಿ, ನಡೆಯುತ್ತಿರುವಾಗಲೇ ಆಗಲಿ, ತಾಯಿಯವರಿಗೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಗುದ ಮತ್ತು ಜನನಾಂಗದ ಸುತ್ತ ಮರಗಟ್ಟಿದರೆ, ಪಾದವನ್ನು ಮೇಲಕ್ಕೆತ್ತಲಾಗದೆ ನೆಲಕ್ಕೆ ಎಳೆದಂತಾದರೆ, ಆಯುರ್ವೇದ ವೈದ್ಯರಿಗೆ ಫೋನ್ ಮಾಡುತ್ತಾ ಕೂರದೆ ಅದೇ ಗಂಟೆಯಲ್ಲಿ ಮಣಿಪಾಲಕ್ಕೋ ಮಂಗಳೂರಿಗೋ, ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಅಂತಹದ್ದೇನೂ ಇಲ್ಲದಿದ್ದರೆ ಆತುರವಿಲ್ಲ. ಈ ವಾರ ಗುದಪರೀಕ್ಷೆ ಮತ್ತು ಆ ಮೂರು ರಕ್ತಪರೀಕ್ಷೆಗಳನ್ನು ಮಾಡಿಸಿ, ಮಾತ್ರೆಗಳ ಚೀಟಿ ಮತ್ತು ಎಂಆರ್‌ಐ ವರದಿಯೊಂದಿಗೆ ಅವನ್ನು ಬಸ್ತಿ ಸೂಚಿಸಿದ ವೈದ್ಯರ ಮುಂದಿಡಿ. ಚಿಕಿತ್ಸೆಯ ದಿನವನ್ನು ಅವರು ಅದರ ನಂತರ ಗೊತ್ತುಮಾಡಲಿ.